ಮ್ಯಾಕ್ರೋ ಲೆನ್ಸಾ, ಟೆಲಿ ಜೂಮಾ? ತೋಟದಲ್ಲಿ ಕ್ಯಾಮೆರಾ ಹಿಡಿದವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮದು ಅಡಿಕೆ ತೋಟದ ಊರು. ಮೊದಲ ಮಳೆ ಬಿದ್ದು ಒಂದು ವಾರ ಕಳೆಯುವಷ್ಟರಲ್ಲಿ ಎಲೆಯ ಅಡಿಯಲ್ಲೆಲ್ಲ ಏನಾದರೊಂದು ಹುಳ ಕೂತಿರುತ್ತದೆ. ಹಳ್ಳದ ದಂಡೆಗೆ ಏರೋಪ್ಲೇನ್ ಚಿಟ್ಟೆ ಬರುತ್ತದೆ, ದಾಸವಾಳಕ್ಕೆ ಸೂರಕ್ಕಿ ಬರುತ್ತದೆ. ಆ ಹೊತ್ತಿಗೆ ನೆಂಟರಿಂದ, ಗೆಳೆಯರಿಂದ, ಊರಿನ ಹುಡುಗರಿಂದ ಈ ಪ್ರಶ್ನೆಯೂ ಬರುತ್ತದೆ: ಇರುವ ದುಡ್ಡಿಗೆ ಒಂದೇ ಲೆನ್ಸ್ ಬರುತ್ತದೆ, 100 ಎಂಎಂ ಮ್ಯಾಕ್ರೋ (ಚಿಕ್ಕದನ್ನು ಹತ್ತಿರದಿಂದ ದೊಡ್ಡದಾಗಿ ತೆಗೆಯುವ ಲೆನ್ಸ್) ತಗೊಳ್ಳಲಾ, 70-300 ಥರದ ಟೆಲಿ ಜೂಮ್ (ದೂರದ್ದನ್ನು ಹತ್ತಿರ ಎಳೆದು ತೋರಿಸುವುದು, ಎಂಎಂ ಹೆಚ್ಚಿದಷ್ಟೂ ಎಳೆತ ಜಾಸ್ತಿ) ತಗೊಳ್ಳಲಾ? ಎರಡನ್ನೂ ಹೆಗಲಿಗೆ ಹಾಕಿಕೊಂಡು ವರ್ಷಗಟ್ಟಲೆ ತಿರುಗಿದ್ದೇನೆ. ಒಬ್ಬೊಬ್ಬರಿಗೆ ಫೋನಿನಲ್ಲಿ ಹೇಳುತ್ತಿದ್ದುದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಸುತ್ತಿ ಬಳಸಿ ಬೇಡ. ಯಾವುದು ತಗೊಳ್ಳಲಿ?

ನಿಮ್ಮ ಕಣ್ಣು ಯಾವುದರ ಮೇಲೆ ನಿಲ್ಲುತ್ತದೆ ಅಂತ ಮೊದಲು ನೋಡಿಕೊಳ್ಳಿ. ಹೆಬ್ಬೆರಳ ಉಗುರಿಗಿಂತ ಚಿಕ್ಕದರ ಮೇಲೆ, ಅಂದರೆ ಜೇಡ, ಇರುವೆ, ಚಿಟ್ಟೆಯ ಮೊಟ್ಟೆ, ಇಂಥವುಗಳ ಮೇಲೆ ನಿಂತರೆ ಮ್ಯಾಕ್ರೋ. ಹಕ್ಕಿ, ಕೆಂದಳಿಲು, ಅಡಿಕೆ ಮರದ ಕಾಂಡಕ್ಕೆ ಅಂಟಿಕೊಂಡ ಹಾರುವ ಓತಿ ಆದರೆ ಜೂಮ್. ಚಿಟ್ಟೆ, ಏರೋಪ್ಲೇನ್ ಚಿಟ್ಟೆ, ಕಪ್ಪೆ ಎರಡಕ್ಕೂ ಸಿಗುತ್ತವೆ. ತಲೆಬಿಸಿ ಆಗುವುದು ಇವುಗಳಿಂದಲೇ.

ಈಗಷ್ಟೇ ಕ್ಯಾಮೆರಾ ತಗೊಂಡಿದ್ದೇನೆ, ಏನು ಇಷ್ಟ ಅಂತ ಇನ್ನೂ ಗೊತ್ತಿಲ್ಲ ಅನ್ನುವವರಿಗೆ ನಾನು ಜೂಮ್ ಹೇಳುತ್ತೇನೆ. ಒಂದು ವರ್ಷ ಅದರಲ್ಲೇ ತೆಗೆಯಿರಿ. ಆಮೇಲೆ ಎಲ್ಲ ಫೋಟೊ ತೆರೆದು ನೋಡಿ. ಅರ್ಧಕ್ಕಿಂತ ಜಾಸ್ತಿ ಫೋಟೊ ಜೂಮಿನ ತುತ್ತ ತುದಿಯಲ್ಲಿ, ಆದಷ್ಟೂ ಹತ್ತಿರ ಹೋಗಿ ತೆಗೆದು, ಮತ್ತೂ ಸಾಲದೆ ಕ್ರಾಪ್ ಮಾಡಿದವಾದರೆ ನಿಮಗೆ ಬೇಕಾಗಿರುವುದು ಮ್ಯಾಕ್ರೋ. ಆಗ ತಗೊಂಡರೆ ಅದು ಮೂಲೆಗೆ ಬೀಳುವುದಿಲ್ಲ.

300 ಎಂಎಂ ಅಂದರೆ 100 ಎಂಎಂಗಿಂತ ಮೂರು ಪಟ್ಟು ದೊಡ್ಡದಾಗಿ ಕಾಣಬೇಕಲ್ವಾ? ಮತ್ತೆ ಮ್ಯಾಕ್ರೋ ಯಾಕೆ?

ಒಂದೇ ಜಾಗದಲ್ಲಿ ನಿಂತು ತೆಗೆದರೆ ಹೌದು, ಮೂರು ಪಟ್ಟು ದೊಡ್ಡದಾಗಿಯೇ ಕಾಣುತ್ತದೆ. ಆದರೆ ಹುಳದ ಫೋಟೊ ತೆಗೆಯುವಾಗ ನಾವು ಒಂದೇ ಜಾಗದಲ್ಲಿ ನಿಲ್ಲುವುದಿಲ್ಲ, ಹತ್ತಿರ ಹೋಗುತ್ತೇವೆ. ಎಷ್ಟು ಹತ್ತಿರ ಹೋಗಬಹುದು ಅನ್ನುವುದಕ್ಕೆ ಪ್ರತಿ ಲೆನ್ಸಿಗೂ ಒಂದು ಗಡಿ ಇದೆ. ಅದನ್ನು ದಾಟಿದರೆ ಫೋಕಸ್ ಆಗುವುದಿಲ್ಲ. ಕೆನನ್ 55-250 ಎಸ್‌ಟಿಎಂ ಲೆನ್ಸಿನ ಗಡಿ 85 ಸೆಂ.ಮೀ. ನಿಕಾನ್ ಎಎಫ್-ಪಿ 70-300 ಡಿಎಕ್ಸ್‌ನದು 1.1 ಮೀಟರ್. ಸಿಗ್ಮಾ 150-600 ಕಂಟೆಂಪರರಿ ಅಂಥ ದೊಡ್ಡ ಲೆನ್ಸಿಗೆ 2.8 ಮೀಟರ್ ಬೇಕು. 100 ಎಂಎಂ ಮ್ಯಾಕ್ರೋ ಮಾತ್ರ ಸುಮಾರು 30 ಸೆಂ.ಮೀ.ವರೆಗೆ ಹೋಗುತ್ತದೆ.

ಹೀಗಾಗಿ ಕೇಳಬೇಕಾದ್ದು ಎಷ್ಟು ಎಂಎಂ ಅಂತ ಅಲ್ಲ, ಮ್ಯಾಗ್ನಿಫಿಕೇಶನ್ ಎಷ್ಟು ಅಂತ. ವಸ್ತುವಿನ ನಿಜವಾದ ಅಳತೆಗೂ ಕ್ಯಾಮೆರಾದೊಳಗೆ ಫೋಟೊ ಮೂಡುವ ಸೆನ್ಸರ್ ಮೇಲೆ ಬೀಳುವ ಅದರ ಬಿಂಬದ ಅಳತೆಗೂ ಇರುವ ಲೆಕ್ಕ ಅದು. ಮ್ಯಾಕ್ರೋ ಲೆನ್ಸಿನಲ್ಲಿ 1:1, ಅಂದರೆ 6 ಮಿ.ಮೀ. ಹುಳದ ಬಿಂಬ ಸೆನ್ಸರ್ ಮೇಲೂ 6 ಮಿ.ಮೀ. 55-250ರಲ್ಲಿ ಹೆಚ್ಚೆಂದರೆ 0.29, ನಿಕಾನ್ 70-300ರಲ್ಲಿ 0.22, ಸಿಗ್ಮಾ 150-600ರಲ್ಲಿ 0.2.

ಒಂದು ಜಿಗಿಯುವ ಜೇಡ ಇಟ್ಟುಕೊಂಡು ಲೆಕ್ಕ ಹಾಕೋಣ. ಮೈ ಉದ್ದ 6 ಮಿ.ಮೀ. ಕೆನನ್‌ನ ಸಾಮಾನ್ಯ ಡಿಎಸ್ಎಲ್ಆರ್ ಸೆನ್ಸರ್ 22.3 ಮಿ.ಮೀ. ಅಗಲ (ಮುಂದೆ ಸಣ್ಣ ಸೆನ್ಸರ್ ಅನ್ನುವುದು ಇಂಥದ್ದನ್ನೇ). 55-250ರಲ್ಲಿ ಜೇಡದ ಬಿಂಬ 1.7 ಮಿ.ಮೀ. ಆಗುತ್ತದೆ, ಫ್ರೇಮಿನ ಹದಿಮೂರನೇ ಒಂದು ಪಾಲು. ಮ್ಯಾಕ್ರೋದಲ್ಲಿ ಅದೇ ಜೇಡ ಫ್ರೇಮಿನ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ ತುಂಬುತ್ತದೆ. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಮೊದಲನೆಯದು ಸುಮಾರು 470 ಪಿಕ್ಸೆಲ್ ಉದ್ದದ ಜೇಡ, ಎರಡನೆಯದು 1600 ಪಿಕ್ಸೆಲ್‌ನದು. ಮೊದಲ ಫೋಟೊದಲ್ಲಿ ಜೇಡ ಇದೆ ಅಂತ ಗೊತ್ತಾಗುತ್ತದೆ. ಎರಡನೆಯದರಲ್ಲಿ ಅದರ ಮುಂದಿನ ದೊಡ್ಡ ಕಣ್ಣುಗಳಲ್ಲಿ ನಮ್ಮ ತೋಟದ ಆಕಾಶ ಕಾಣುತ್ತದೆ. ನಾನು ಮ್ಯಾಕ್ರೋ ತಗೊಂಡಿದ್ದು ಅದೊಂದಕ್ಕಾಗಿ.

ನನ್ನ ಜೂಮ್ ಮೇಲೇ "ಮ್ಯಾಕ್ರೋ" ಅಂತ ಬರೆದಿದೆಯಲ್ಲ?

ಬರೆದಿರುತ್ತದೆ. ಬೇರೆ ಜೂಮ್‌ಗಳಿಗಿಂತ ಸ್ವಲ್ಪ ಹತ್ತಿರ ಹೋಗುತ್ತದೆ ಅಂತ ಅದರ ಅರ್ಥ. ಅಂಥವುಗಳಲ್ಲಿ ಒಳ್ಳೆಯದು ಟ್ಯಾಮ್ರಾನ್‌ನ ಹಳೆಯ 70-300 ಡಿಐ. ಪಕ್ಕದಲ್ಲಿ ಒಂದು ಸ್ವಿಚ್ ಇದೆ. ಅದನ್ನು ಒತ್ತಿ 300ಕ್ಕೆ ಹೋದರೆ 95 ಸೆಂ.ಮೀ. ದೂರದಿಂದ 1:2 ಸಿಗುತ್ತದೆ, ಅಂದರೆ ನಿಜ ಅಳತೆಯ ಅರ್ಧ. ಚಿಟ್ಟೆಗೆ ಸಾಕು, ಜೇಡಕ್ಕೆ ಸಾಲದು. ಬಹಳ ಜೂಮ್‌ಗಳಲ್ಲಿ ಅಷ್ಟೂ ಇರುವುದಿಲ್ಲ.

ಇನ್ನೊಂದು ಗೊಂದಲ: ನಿಕಾನ್‌ನವರು ತಮ್ಮ ಮ್ಯಾಕ್ರೋ ಲೆನ್ಸುಗಳಿಗೆ "ಮೈಕ್ರೋ" ಅಂತ ಹೆಸರಿಟ್ಟಿದ್ದರು. ಕೆಲಸ ಒಂದೇ.

ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು. ಶಾಲೆಯ ಮಕ್ಕಳ ಪ್ಲಾಸ್ಟಿಕ್ ಸ್ಕೇಲು ಒಂದು ಜೇಬಿನಲ್ಲಿ ಒಯ್ಯಿರಿ. ಲೆನ್ಸನ್ನು ಮ್ಯಾನ್ಯುಯಲ್ ಫೋಕಸ್ಸಿಗೆ ಹಾಕಿ, ರಿಂಗನ್ನು ಹತ್ತಿರದ ಕೊನೆಗೆ ತಿರುಗಿಸಿ, ಮೈಯನ್ನೇ ಹಿಂದೆ ಮುಂದೆ ಆಡಿಸಿ ಸ್ಕೇಲು ಸ್ಪಷ್ಟವಾದಾಗ ಕ್ಲಿಕ್ ಮಾಡಿ. ಫ್ರೇಮಿನ ಅಗಲಕ್ಕೆ ಎಷ್ಟು ಮಿ.ಮೀ. ಕಂಡಿತು ಎಣಿಸಿ. ಸೆನ್ಸರಿನ ಅಗಲವನ್ನು ಅದರಿಂದ ಭಾಗಿಸಿದರೆ ಮ್ಯಾಗ್ನಿಫಿಕೇಶನ್ ಬಂತು. ಫುಲ್ ಫ್ರೇಮ್, ಅಂದರೆ 36 ಮಿ.ಮೀ. ಅಗಲದ ಸೆನ್ಸರಿನ ಕ್ಯಾಮೆರಾದಲ್ಲಿ 72 ಮಿ.ಮೀ. ಕಂಡರೆ 36 ಭಾಗಿಸು 72, ಅರ್ಧ. ಡಬ್ಬಿಯ ಮೇಲೆ ಏನೇ ಬರೆದಿರಲಿ, ಸ್ಕೇಲಿನ ಮಾತು ನಂಬಿ.

30 ಸೆಂ.ಮೀ. ದೂರ ಅಂದರೆ ಒಂದು ಅಡಿ. ಹುಳ ಹಾರಿಹೋಗುವುದಿಲ್ವಾ?

ಆ ಒಂದಡಿಯನ್ನು ಅಳೆಯುವುದು ಸೆನ್ಸರಿನಿಂದ. ಅದರಲ್ಲಿ ಕ್ಯಾಮೆರಾ ಮೈ, ಲೆನ್ಸಿನ ಉದ್ದ ಎಲ್ಲ ಸೇರಿರುತ್ತದೆ. ಲೆನ್ಸಿನ ಮೂತಿಯಿಂದ ಹುಳಕ್ಕೆ ಉಳಿಯುವುದು 13ರಿಂದ 15 ಸೆಂ.ಮೀ., ಹೆಚ್ಚುಕಮ್ಮಿ ಒಂದು ಗೇಣಿಗಿಂತ ಕಡಿಮೆ. ಮೂತಿಗೆ ಹುಡ್ (ಪಕ್ಕದ ಬೆಳಕು ತಡೆಯುವ ಬಳೆ) ಹಾಕಿದರೆ ಇನ್ನೂ ಕಡಿಮೆ. ಆದ್ದರಿಂದ 1:1 ತೆಗೆಯುವಾಗ ನಾನು ಹುಡ್ ತೆಗೆದಿಡುತ್ತೇನೆ.

ಮ್ಯಾಕ್ರೋಗಳಲ್ಲೂ ಉದ್ದದವು, ಗಿಡ್ಡವು ಇವೆ. ಕೆನನ್ 60 ಎಂಎಂ ಮ್ಯಾಕ್ರೋದ ಗಡಿ 20 ಸೆಂ.ಮೀ. ಮೂತಿಯ ಮುಂದೆ ಉಳಿಯುವ ಜಾಗ ಬಹಳ ಕಡಿಮೆ, ನೆರಳೂ ಬೀಳುತ್ತದೆ. ಹೂವಿಗೆ, ನಾಣ್ಯಕ್ಕೆ, ಒಡವೆಗೆ ಚೆನ್ನ. 180 ಎಂಎಂ ಮ್ಯಾಕ್ರೋಗೆ 48 ಸೆಂ.ಮೀ. ಬೇಕು. ಹುಳ ಬೆದರುವುದಿಲ್ಲ, ಆದರೆ ಲೆನ್ಸ್ ಭಾರ, ಬೆಲೆಯೂ ಜಾಸ್ತಿ. 90ರಿಂದ 105 ಎಂಎಂ ನಡುವಿನದು ಹೆಚ್ಚಿನವರಿಗೆ ಸರಿಹೋಗುತ್ತದೆ. ಟ್ಯಾಮ್ರಾನ್ 90, ಕೆನನ್ 100, ನಿಕಾನ್ 105, ಸಿಗ್ಮಾ 105 ಎಲ್ಲ ಇದೇ ಗುಂಪು. ಇವುಗಳಲ್ಲಿ ಯಾವುದು ತೀಕ್ಷ್ಣ ಅಂತ ಹುಡುಕಿ ದಿನ ಕಳೆಯಬೇಡಿ. ಕೆಟ್ಟ ಮ್ಯಾಕ್ರೋ ಲೆನ್ಸ್ ಸಿಗುವುದೇ ಅಪರೂಪ.

ಇನ್ನು ಹಾರಿಹೋಗುವ ಮಾತು. ಬೆಳಿಗ್ಗೆ ಆರರಿಂದ ಏಳೂವರೆ ಒಳಗೆ ಹೋಗಿ. ಹುಳಗಳ ಮೈ ಬಿಸಿಲಿನಿಂದ ಕಾಯಬೇಕು, ಕಾಯುವ ತನಕ ಕೂತಲ್ಲೇ ಕೂತಿರುತ್ತವೆ. ಮೈಮೇಲೆ ಇಬ್ಬನಿ ಹೊತ್ತ ಏರೋಪ್ಲೇನ್ ಚಿಟ್ಟೆಯ ಹತ್ತಿರ ಗೇಣು ದೂರಕ್ಕೂ ಹೋಗಿದ್ದೇನೆ. ಹತ್ತು ಗಂಟೆ ಮೇಲೆ ಅದೇ ಚಿಟ್ಟೆ ನಿಮ್ಮನ್ನು ಎರಡು ಮೀಟರ್ ಹತ್ತಿರ ಬಿಡುವುದಿಲ್ಲ. ಆಗ ಜೂಮಿನ ಸರದಿ. ಏರೋಪ್ಲೇನ್ ಚಿಟ್ಟೆಗೊಂದು ಒಳ್ಳೆ ಅಭ್ಯಾಸವಿದೆ, ಹಾರಿದರೂ ಮತ್ತೆ ಅದೇ ಕಡ್ಡಿಗೆ ಬಂದು ಕೂರುತ್ತದೆ. ಕಡ್ಡಿಗೆ ಫೋಕಸ್ ಇಟ್ಟು ಕಾಯಿರಿ.

ಹಾವಿನ ವಿಷಯದಲ್ಲಿ ಮಾತ್ರ ಈ ಲೆಕ್ಕ ಬೇಡವೇ ಬೇಡ. ಮಳೆಗಾಲದ ಆಗುಂಬೆ ಕಡೆ ಮಲಬಾರ್ ಪಿಟ್ ವೈಪರ್ ಪೊದೆಯಲ್ಲಿ ಅಲುಗದೆ ಕೂತಿರುತ್ತದೆ. ಅಲುಗುವುದಿಲ್ಲ ಅಂತ 100 ಎಂಎಂ ಹಿಡಿದು ಮುಖದ ಹತ್ತಿರ ಹೋಗುವವರನ್ನು ನೋಡಿದ್ದೇನೆ. ವಿಷದ ಹಾವು ಅದು. ಟೆಲಿ ಜೂಮಿನಲ್ಲಿ ಒಂದೂವರೆ ಮೀಟರ್ ದೂರದಿಂದ ತೆಗೆದರೂ ಹುರುಪೆ ಹುರುಪೆ ಎಣಿಸುವಂಥ ಫೋಟೊ ಬರುತ್ತದೆ.

ಚಿಟ್ಟೆಗೆ ಯಾವುದು ಒಳ್ಳೆಯದು?

ಅತಿ ಹೆಚ್ಚು ಜನ ಕೇಳುವುದು ಇದನ್ನೇ. ಚಿಟ್ಟೆ ಅಂದರೆ ಒಂದೇ ಅಳತೆ ಅಲ್ಲ ಅನ್ನುವುದು ಮೊದಲು ನೆನಪಿರಲಿ. ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ರೆಕ್ಕೆ ಬಿಚ್ಚಿದರೆ 14ರಿಂದ 19 ಸೆಂ.ಮೀ. ಹುಲ್ಲಿನ ನಡುವೆ ಹಾರುವ ಗ್ರಾಸ್ ಜುವೆಲ್ ಎರಡು ಸೆಂ.ಮೀ. ಆಗುವುದೂ ಕಷ್ಟ. ಮೊದಲನೆಯದು ಮರದ ಎತ್ತರದಲ್ಲಿ ತೇಲುತ್ತದೆ, ಹೂವಿಗೆ ಬಂದರೂ ರೆಕ್ಕೆ ಬಡಿಯುವುದನ್ನು ನಿಲ್ಲಿಸುವುದಿಲ್ಲ. ಅದಕ್ಕೆ ಮ್ಯಾಕ್ರೋ ಹಿಡಿದು ಹೋದರೆ ಬರಿಗೈಯಲ್ಲಿ ವಾಪಸ್. ಎರಡನೆಯದಕ್ಕೆ ನೆಲಕ್ಕೆ ಮಲಗಿ ಮ್ಯಾಕ್ರೋ ಹಿಡಿಯಬೇಕು.

ಒಟ್ಟಾರೆ ಹೇಳಬೇಕು ಅಂದರೆ, ರೆಕ್ಕೆ ಬಿಚ್ಚಿ ಕೂತ ಇಡೀ ಚಿಟ್ಟೆಯ ಫೋಟೊಗೆ ನಾನು ಜೂಮನ್ನೇ ಆರಿಸುತ್ತೇನೆ. 0.25ರಿಂದ 0.3 ಮ್ಯಾಗ್ನಿಫಿಕೇಶನ್ ಇದ್ದರೆ ಏಳೆಂಟು ಸೆಂ.ಮೀ. ಚಿಟ್ಟೆ ಸಣ್ಣ ಸೆನ್ಸರಿನ ಫ್ರೇಮ್ ತುಂಬುತ್ತದೆ. ಒಂದು ಮೀಟರ್ ದೂರದಲ್ಲಿ ನಿಂತಿದ್ದರೆ ಅದು ಮಕರಂದ ಹೀರುತ್ತಲೇ ಇರುತ್ತದೆ. ಈ ಕೆಲಸಕ್ಕೆ ನನಗೆ ಬಹಳ ಇಷ್ಟವಾದದ್ದು ಕೆನನ್ 100-400ರ ಎರಡನೇ ಆವೃತ್ತಿ. 98 ಸೆಂ.ಮೀ.ಗೆ ಫೋಕಸ್ ಆಗುತ್ತದೆ, 0.31 ಕೊಡುತ್ತದೆ. ಹಾದಿಯಲ್ಲಿ ಚಿಟ್ಟೆ, ತಲೆ ಎತ್ತಿದರೆ ಮಂಗಟ್ಟೆ, ಲೆನ್ಸ್ ಬದಲಿಸಬೇಕಿಲ್ಲ. ಬೆಲೆ ಮಾತ್ರ ಮ್ಯಾಕ್ರೋ ಲೆನ್ಸಿಗಿಂತ ಬಹಳ ದುಬಾರಿ.

ಆದರೆ ಚಿಟ್ಟೆಯ ಬದುಕು ರೆಕ್ಕೆಯಷ್ಟೇ ಅಲ್ಲವಲ್ಲ. ಬರ್ಡ್‌ವಿಂಗ್ ಈಶ್ವರಿ ಬಳ್ಳಿಯಲ್ಲಿ ಮೊಟ್ಟೆ ಇಡುತ್ತದೆ. ಕಾಮನ್ ಮಾರ್ಮನ್ ನಮ್ಮ ಹಿತ್ತಲಿನ ಕರಿಬೇವಿಗೆ, ನಿಂಬೆ ಗಿಡಕ್ಕೆ ಬರುತ್ತದೆ. ಆ ಮೊಟ್ಟೆ, ಹಕ್ಕಿಯ ಹಿಕ್ಕೆಯಂತೆ ಕಾಣುವ ಮರಿ ಕಂಬಳಿಹುಳ, ಆಮೇಲೆ ಹಸಿರಾಗಿ ಬೆಳೆದ ಹುಳ, ಕೊನೆಗೆ ಕೋಶ, ಇದನ್ನೆಲ್ಲ ದಿನವೂ ಹೋಗಿ ತೆಗೆಯುವ ಸುಖ ಮ್ಯಾಕ್ರೋದವರಿಗೆ ಮಾತ್ರ. ಇವು ಎಲ್ಲಿಗೂ ಓಡುವುದಿಲ್ಲ. ಕಲಿಯುವವರಿಗೆ ಇದಕ್ಕಿಂತ ಒಳ್ಳೆ ಪಾಠ ಇಲ್ಲ. ಕರಿಬೇವಿನ ಗಿಡ ಇರುವ ಮನೆಯವರು ನಾಳೆ ಬೆಳಿಗ್ಗೆಯೇ ಚಿಗುರೆಲೆಗಳನ್ನು ತಿರುವಿ ನೋಡಿ.

ಹಿನ್ನೆಲೆ ಬೆಣ್ಣೆಯ ಹಾಗೆ ನುಣ್ಣಗೆ ಬರಬೇಕು. ಯಾವುದರಲ್ಲಿ ಬರುತ್ತದೆ?

ಜೂಮಿನಲ್ಲಿ ಸುಲಭವಾಗಿ ಬರುತ್ತದೆ. ಕಾರಣ ಅದರ ನೋಟ ಇಕ್ಕಟ್ಟು. ಒಂದೇ ಹೂವನ್ನು ಒಂದೇ ಅಳತೆಗೆ ತುಂಬಿಸಿ 100 ಎಂಎಂನಲ್ಲೂ 300 ಎಂಎಂನಲ್ಲೂ ತೆಗೆದರೆ, 300ರಲ್ಲಿ ದೂರದ ಹಿನ್ನೆಲೆಯ ಮೂರನೇ ಒಂದು ಪಾಲು ಅಗಲ ಮಾತ್ರ ಒಳಗೆ ಬರುತ್ತದೆ. ಹಿಂದಿರುವ ಬೇಲಿ, ಬಿಳಿ ಗೋಡೆ, ಹೊಳೆಯುವ ಆಕಾಶದ ತುಂಡು ಇವನ್ನೆಲ್ಲ ಒಂದು ಹೆಜ್ಜೆ ಸರಿದರೆ ಹೊರಗೆ ಹಾಕಬಹುದು. ಇರುವ ಸಣ್ಣ ಪಾಲೇ ಹಿಗ್ಗಿ ಒಂದೇ ಬಣ್ಣವಾಗುತ್ತದೆ.

ಮ್ಯಾಕ್ರೋದಲ್ಲೂ ಬರುತ್ತದೆ, ಆದರೆ ಜಾಗ ನೋಡಿ ಕೂರಬೇಕು. ಹುಳ ಕೂತ ಎಲೆಯ ಹಿಂದೆ ಅರ್ಧ ಅಡಿಯಲ್ಲೇ ಇನ್ನೊಂದು ಎಲೆ ಇದ್ದರೆ ಅದು ಗಲೀಜಾಗಿ ಕಾಣುತ್ತದೆ. ನಾನು ಹಿನ್ನೆಲೆಗೆ ಒಂದು ಮೀಟರ್ ಖಾಲಿ ಇರುವ ಕೋನ ಹುಡುಕುತ್ತೇನೆ. ಸಿಗದಿದ್ದರೆ ಆ ಹುಳವನ್ನು ಬಿಟ್ಟು ಮುಂದೆ ಹೋಗುತ್ತೇನೆ.

ಮ್ಯಾಕ್ರೋದಲ್ಲಿ ಎಫ್/2.8 ಇದೆ, ಜೂಮಿನಲ್ಲಿ ಎಫ್/5.6. ಕತ್ತಲೆ ತೋಟದಲ್ಲಿ ಮ್ಯಾಕ್ರೋ ತಾನೇ ಮೇಲು?

ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನ ಕಿಂಡಿ (ಅಪರ್ಚರ್) ದೊಡ್ಡದು, ಬೆಳಕು ಜಾಸ್ತಿ. ಹಾಗಾಗಿ ದೂರದ ವಸ್ತುವಿಗೆ ಹೌದು. ಹುಳದ ಹತ್ತಿರ ಹೋದಾಗ ಆ 2.8 ಕೈಗೆ ಸಿಗುವುದಿಲ್ಲ. 1:1ಕ್ಕೆ ಬಂದಾಗ ಲೆನ್ಸ್ ಹೆಚ್ಚುಕಮ್ಮಿ ಎರಡು ಸ್ಟಾಪ್ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ) ಬೆಳಕು ಕಳೆದುಕೊಳ್ಳುತ್ತದೆ, ಎಫ್/2.8 ಅನ್ನುವುದು ಎಫ್/5.6ರಷ್ಟೇ ಬೆಳಕು ಕೊಡುತ್ತದೆ. ನಿಕಾನ್ ಕ್ಯಾಮೆರಾಗಳಲ್ಲಿ ಹತ್ತಿರ ಹೋದಂತೆ ಅಪರ್ಚರ್ ಸಂಖ್ಯೆ ತಾನಾಗಿ ಬದಲಾಗುವುದು ಇದಕ್ಕೇ. ಲೆನ್ಸ್ ಕೆಟ್ಟಿದೆ ಅಂತ ಅಂಗಡಿಗೆ ಓಡಬೇಡಿ.

ಬೆಳಕು ಇದ್ದರೂ ಎಫ್/2.8 ಬಳಸುವ ಹಾಗಿಲ್ಲ. 1:1ರಲ್ಲಿ, ಎಫ್/8 ಇಟ್ಟರೂ, ಸಣ್ಣ ಸೆನ್ಸರಿನಲ್ಲಿ ಸ್ಪಷ್ಟವಾಗಿ ಬರುವ ಆಳ ಮುಕ್ಕಾಲು ಮಿ.ಮೀ.ಗೂ ಕಡಿಮೆ. ಜೇಡದ ಕಣ್ಣು ಬಂದರೆ ಕಾಲು ಇಲ್ಲ. ಹಾಗಂತ ಎಫ್/22ಕ್ಕೆ ಹೋದರೆ ಬೆಳಕು ಚದುರಿ ಇಡೀ ಫೋಟೊ ಮಂಕಾಗುತ್ತದೆ. ನನ್ನ ಕೆಲಸ ನಡೆಯುವುದು ಎಫ್/8ರಿಂದ ಎಫ್/11ರಲ್ಲಿ. ಉಳಿದದ್ದು ಕೋನದ ಕೆಲಸ: ಹುಳದ ಮೈ ಸೆನ್ಸರಿಗೆ ಸಮಾನಾಂತರ ಇರುವಂತೆ ಪಕ್ಕದಿಂದ ಹಿಡಿದರೆ ತಲೆಯಿಂದ ಬಾಲದವರೆಗೆ ಸ್ಪಷ್ಟ ಬರುತ್ತದೆ. ಅಲುಗದ ಹುಳವಾದರೆ ಫೋಕಸ್ಸನ್ನು ಕೂದಲೆಳೆಯಷ್ಟು ಸರಿಸುತ್ತ ಹತ್ತಾರು ಫೋಟೊ ತೆಗೆದು ಕಂಪ್ಯೂಟರಿನಲ್ಲಿ ಒಂದಾಗಿಸಬಹುದು. ಇದಕ್ಕೆ ಫೋಕಸ್ ಸ್ಟ್ಯಾಕಿಂಗ್ ಅನ್ನುತ್ತಾರೆ. ಗಾಳಿ ಬೀಸುವ ದಿನ ಅದರ ಆಸೆ ಬಿಡಿ.

ಕೈಯಲ್ಲೇ ಹಿಡಿದು ತೆಗೆಯಬಹುದಾ, ಟ್ರೈಪಾಡ್ ಬೇಕಾ?

ಜೂಮನ್ನು ಕೈಯಲ್ಲಿ ಹಿಡಿಯಿರಿ. ಅದರೊಳಗಿನ ಸ್ಟೆಬಿಲೈಸೇಶನ್ (ಕೈ ನಡುಕ ಸರಿಪಡಿಸುವ ಏರ್ಪಾಟು) ದೂರದ ವಸ್ತುವಿಗೆ ನಿಜಕ್ಕೂ ಸಹಾಯ ಮಾಡುತ್ತದೆ. ಮ್ಯಾಕ್ರೋದಲ್ಲಿ ಅದು ಹತ್ತಿರ ಹೋದಂತೆ ಸೋಲುತ್ತದೆ. ನಿಕಾನ್ 2006ರಲ್ಲಿ 105 ಎಂಎಂ ಮ್ಯಾಕ್ರೋಗೆ ವಿಆರ್ (ಸ್ಟೆಬಿಲೈಸೇಶನ್ನಿಗೆ ಅವರಿಟ್ಟ ಹೆಸರು) ಹಾಕಿತು. ಕೆನನ್ 2009ರಲ್ಲಿ 100 ಎಂಎಂ ಎಲ್ ಲೆನ್ಸಿಗೆ, ಕೈ ಓರೆಯಾಗುವುದನ್ನೂ ಪಕ್ಕಕ್ಕೆ ಸರಿಯುವುದನ್ನೂ ಒಟ್ಟಿಗೆ ಸರಿಪಡಿಸುವ ಹೊಸ ಏರ್ಪಾಟು ತಂದಿತು. ಅದರ ಲೆಕ್ಕದಲ್ಲೇ ಸಾಮಾನ್ಯ ದೂರಕ್ಕೆ ನಾಲ್ಕು ಸ್ಟಾಪ್, 1:1ಕ್ಕೆ ಎರಡೇ ಸ್ಟಾಪ್.

ಅದಕ್ಕಿಂತ ದೊಡ್ಡ ಕಾಟ ನಮ್ಮ ಮೈ ಮುಂದೆ ಹಿಂದೆ ತೂಗುವುದು. ಅದನ್ನು ಯಾವ ಲೆನ್ಸೂ ತಡೆಯುವುದಿಲ್ಲ. ಮೊಣಕೈಯನ್ನು ಮೊಣಕಾಲಿಗೆ ಊರಿ, ಆಟೋಫೋಕಸ್ ಬಿಟ್ಟು, ಮೈಯನ್ನೇ ನಿಧಾನ ಮುಂದಕ್ಕೆ ಬಾಗಿಸಿ ಕಣ್ಣು ಹೊಳೆದ ಕ್ಷಣಕ್ಕೆ ಒತ್ತುವುದು ನನ್ನ ರೂಢಿ. ಇಪ್ಪತ್ತು ಫೋಟೊಗೆ ಎರಡು ಚೆನ್ನಾಗಿ ಬಂದರೆ ಒಳ್ಳೆ ದಿನ. ಅಣಬೆ, ಹೂವು, ಪಾಚಿಗೆ ಟ್ರೈಪಾಡ್ ಇರಲಿ. ಓಡಾಡುವ ಹುಳಕ್ಕೆ ಟ್ರೈಪಾಡ್ ಬಿಚ್ಚಿ ನಿಲ್ಲಿಸುವಷ್ಟರಲ್ಲಿ ಅದು ಮುಂದಿನ ಗಿಡದಲ್ಲಿರುತ್ತದೆ.

ಫ್ಲಾಶ್ ಹಾಕಿದರೆ ಫೋಟೊ ಕೆಡುತ್ತದೆ ಅನ್ನುತ್ತಾರಲ್ಲ?

ಬರೀ ಫ್ಲಾಶ್ ಹಾಕಿದರೆ ಕೆಡುತ್ತದೆ. ದುಂಬಿಯ ಬೆನ್ನಲ್ಲಿ ಬಿಳಿ ಚುಕ್ಕೆ, ಹಿಂದೆ ಕಪ್ಪು ಕತ್ತಲೆ. ಬೆಳಕನ್ನು ಅಗಲ ಮಾಡಿ ಮೆತ್ತಗೆ ಮಾಡಬೇಕು. ನನ್ನ ಡಿಫ್ಯೂಸರ್ ಮನೆಯಲ್ಲೇ ಆಗಿದ್ದು: ಟಿವಿ ಡಬ್ಬಿಯಲ್ಲಿ ಬಂದ ತೆಳು ಬಿಳಿ ಫೋಮ್ ಹಾಳೆ, ಎರಡು ರಬ್ಬರ್ ಬ್ಯಾಂಡ್. ಹಾಳೆ ಹುಳದ ಮೇಲೆ ಸಣ್ಣ ಚಪ್ಪರದ ಹಾಗೆ ಬಾಗಿರಬೇಕು. ಶಟರ್ 1/200, ಎಫ್/11, ಐಎಸ್ಒ 200ರಿಂದ 400 ಇಟ್ಟು ಶುರು ಮಾಡಿ. ಫ್ಲಾಶಿನ ಮಿಂಚು ಬಹಳ ಗಿಡ್ಡ, ಅದೇ ಕೈ ನಡುಕವನ್ನೂ ನಿಲ್ಲಿಸುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಮ್ಯಾಕ್ರೋ ತಗೊಳ್ಳುವವರು ಫ್ಲಾಶಿಗೂ ಸೇರಿಸಿಯೇ ದುಡ್ಡು ಎತ್ತಿಡಿ. ಜೂಮಿನವರಿಗೆ ಈ ಖರ್ಚು ಇಲ್ಲ.

ನನ್ನ ಹತ್ತಿರ 55-250 ಇದೆ, ಮ್ಯಾಕ್ರೋಗೆ ದುಡ್ಡಿಲ್ಲ. ಏನಾದರೂ ದಾರಿ ಇದೆಯಾ?

ಇದೆ, ಒಳ್ಳೆ ದಾರಿಯೇ ಇದೆ. ಕ್ಲೋಸ್‌ಅಪ್ ಲೆನ್ಸ್ ಅಂತ ಸಿಗುತ್ತದೆ, ಜೂಮಿನ ಮುಂದೆ ಸಿಕ್ಕಿಸುವ ಭೂತಗನ್ನಡಿ ಅಂದುಕೊಳ್ಳಿ. ನಾಲ್ಕು ಗಾಜಿನ ಸೆಟ್ ಅಂತ ಅಗ್ಗಕ್ಕೆ ಮಾರುವುದನ್ನು ತಗೋಬೇಡಿ, ಅಂಚೆಲ್ಲ ನೇರಳೆ ಬಣ್ಣ ಬರುತ್ತದೆ. ರೇನಾಕ್ಸ್ ಡಿಸಿಆರ್-150 ಅಥವಾ 250 ಹುಡುಕಿ. 52ರಿಂದ 67 ಎಂಎಂ ಫಿಲ್ಟರ್ ಅಳತೆಯ (ಇಲ್ಲಿ ಎಂಎಂ ಅಂದರೆ ಮೂತಿಯ ಅಗಲ) ಲೆನ್ಸುಗಳಿಗೆ ಚಿಮುಟಿ ಕೂರಿಸುವ ಕ್ಲಿಪ್ ಅದರ ಜೊತೆಗೇ ಬರುತ್ತದೆ.

ಡಿಸಿಆರ್-150ರ ಶಕ್ತಿ 4.8 ಡಯಾಪ್ಟರ್ (ಕನ್ನಡಕದ ಪವರ್ ಅಳೆಯುವ ಲೆಕ್ಕವೇ). ಜೂಮ್ 250 ಎಂಎಂನಲ್ಲಿ, ಫೋಕಸ್ ದೂರದ ಕೊನೆಯಲ್ಲಿ ಇದ್ದಾಗ 1.2 ಮ್ಯಾಗ್ನಿಫಿಕೇಶನ್ ಸಿಗುತ್ತದೆ, ಅದೂ ಮೂತಿಯಿಂದ ಸುಮಾರು 21 ಸೆಂ.ಮೀ. ದೂರದಲ್ಲಿ. ಗಮನಿಸಿ, ಇದು 100 ಎಂಎಂ ಮ್ಯಾಕ್ರೋ ಕೊಡುವುದಕ್ಕಿಂತ ಜಾಸ್ತಿ ದೂರ. ಡಿಸಿಆರ್-250ರ ಶಕ್ತಿ 8 ಡಯಾಪ್ಟರ್, ಅದೇ ಜೂಮಿನಲ್ಲಿ 2 ಪಟ್ಟು, ದೂರ 12.5 ಸೆಂ.ಮೀ. ಹೊಸಬರಿಗೆ 150 ಸಾಕು. ತೊಂದರೆ ಏನೆಂದರೆ ಫೋಕಸ್ ಆಗುವ ಜಾಗ ನಾಲ್ಕೈದು ಸೆಂ.ಮೀ. ಮಾತ್ರ. ಹುಳ ಆಚೆ ಸರಿದರೆ ನೀವೂ ಸರಿಯಬೇಕು, ಹಕ್ಕಿ ಬಂದರೆ ಕಳಚಬೇಕು. ಜೂಮನ್ನು ಅಗಲದ ಕಡೆ ತಂದರೆ ಮೂಲೆಗಳು ಕಪ್ಪಾಗುತ್ತವೆ. ಮ್ಯಾಕ್ರೋದಷ್ಟು ಅಂಚಿನವರೆಗೆ ತೀಕ್ಷ್ಣ ಇರುವುದಿಲ್ಲ. ಆದರೂ ನನ್ನ ಮೊದಲ ಎರಡು ವರ್ಷದ ಜೇಡಗಳೆಲ್ಲ ಈ ಜೋಡಿಯಲ್ಲೇ ತೆಗೆದವು. ಇವತ್ತಿಗೂ ಅವುಗಳಲ್ಲಿ ಕೆಲವು ನಮ್ಮ ಮನೆ ಗೋಡೆಯ ಮೇಲಿವೆ.

ಎಕ್ಸ್‌ಟೆನ್ಶನ್ ಟ್ಯೂಬ್ ಬಗ್ಗೆಯೂ ಕೇಳುತ್ತಾರೆ. ಕ್ಯಾಮೆರಾಗೂ ಲೆನ್ಸಿಗೂ ನಡುವೆ ಹಾಕುವ ಗಾಜಿಲ್ಲದ ಕೊಳವೆ ಅದು. ಟ್ಯೂಬಿನ ಉದ್ದವನ್ನು ಲೆನ್ಸಿನ ಎಂಎಂನಿಂದ ಭಾಗಿಸಿದಷ್ಟು ಮ್ಯಾಗ್ನಿಫಿಕೇಶನ್ ಹೆಚ್ಚುತ್ತದೆ. 25 ಎಂಎಂ ಟ್ಯೂಬ್ 50 ಎಂಎಂ ಲೆನ್ಸಿಗೆ ಅರ್ಧ ಪಟ್ಟು ಸೇರಿಸುತ್ತದೆ, 250ಕ್ಕೆ ಹತ್ತನೇ ಒಂದು ಪಾಲು ಮಾತ್ರ. ಅಂದರೆ ಟ್ಯೂಬ್ ಗಿಡ್ಡ ಲೆನ್ಸಿಗೆ, ಕ್ಲೋಸ್‌ಅಪ್ ಲೆನ್ಸ್ ಉದ್ದ ಜೂಮಿಗೆ.

ಮ್ಯಾಕ್ರೋ ಲೆನ್ಸಿನಲ್ಲಿ ಮನುಷ್ಯರ ಫೋಟೊ, ಹಕ್ಕಿ ಫೋಟೊ ತೆಗೆಯಬಹುದಾ?

ಮನುಷ್ಯರದ್ದು ಬಹಳ ಚೆನ್ನಾಗಿ ಬರುತ್ತದೆ. ನಮ್ಮ ಅಜ್ಜಿಯ ಅತಿ ಒಳ್ಳೆ ಫೋಟೊ 100 ಎಂಎಂ ಮ್ಯಾಕ್ರೋದ್ದೇ. ಹಕ್ಕಿಗೆ ಬೇಡ. ಆಟೋಫೋಕಸ್ ಹತ್ತಿರ ದೂರ ಅಲೆದಾಡುತ್ತದೆ. ಫೋಕಸ್ ಲಿಮಿಟ್ ಸ್ವಿಚ್ ಹಾಕಿದರೆ ಅಲೆದಾಟ ಕಡಿಮೆಯಾಗುತ್ತದೆ, ಆದರೂ 100 ಎಂಎಂನಲ್ಲಿ ಮಿಂಚುಳ್ಳಿ ಒಂದು ನೀಲಿ ಚುಕ್ಕೆ. ರಂಗನತಿಟ್ಟಿಗೆ, ಕಬಿನಿಗೆ ಹೋಗುವ ದಿನ ಮ್ಯಾಕ್ರೋ ಮನೆಯಲ್ಲಿರಲಿ.

ಮಿರರ್‌ಲೆಸ್ ತಗೊಂಡೆ. ಡಿಎಸ್ಎಲ್ಆರ್‌ನ ಹಳೇ ಮ್ಯಾಕ್ರೋ ನಡೆಯುತ್ತದಾ?

ಕೆನನ್ ಇಎಫ್ ಲೆನ್ಸುಗಳು ಅಡಾಪ್ಟರ್ ಹಾಕಿದರೆ ಅದರ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಆರ್ ಕ್ಯಾಮೆರಾಗಳಲ್ಲಿ ಪೂರ್ತಿ ಕೆಲಸ ಮಾಡುತ್ತವೆ. ನಿಕಾನ್ ಎಫ್‌ಟಿಜೆಡ್ ಅಡಾಪ್ಟರಿನಲ್ಲಿ ಎಎಫ್-ಎಸ್ ಲೆನ್ಸುಗಳಿಗೆ ಆಟೋಫೋಕಸ್ ಸಿಗುತ್ತದೆ, ಹಳೆಯ ಎಎಫ್-ಡಿ ಲೆನ್ಸುಗಳಿಗೆ ಇಲ್ಲ. ಮ್ಯಾಕ್ರೋಗೆ ಅದೇನೂ ದೊಡ್ಡ ನಷ್ಟವಲ್ಲ, ಹೇಗಿದ್ದರೂ ಕೈಯಲ್ಲೇ ಫೋಕಸ್ ಮಾಡುತ್ತೇವಲ್ಲ. ಸ್ಪಷ್ಟವಾದ ಅಂಚುಗಳಿಗೆ ಪರದೆಯ ಮೇಲೆ ಬಣ್ಣ ತೋರಿಸುವ ಸೌಲಭ್ಯ ಮಿರರ್‌ಲೆಸ್‌ನಲ್ಲಿ ಇರುತ್ತದೆ, ಕಣ್ಣಿಗೆ ಬಹಳ ಆರಾಮ. ಹೊಸದೇ ಬೇಕೆನ್ನುವ ಕೆನನ್‌ನವರಿಗೆ ಆರ್‌ಎಫ್ 100 ಎಂಎಂ ಇದೆ, 1:1 ದಾಟಿ 1.4 ಪಟ್ಟು ಹೋಗುತ್ತದೆ.

ಹುಳವನ್ನು ಸ್ವಲ್ಪ ಹೊತ್ತು ಫ್ರಿಜ್ಜಿನಲ್ಲಿಟ್ಟರೆ ಅಲುಗುವುದಿಲ್ಲವಂತೆ. ಮಾಡಬಹುದಾ?

ಬೇಡ. ಖಂಡಿತ ಬೇಡ. ಗೋಂದು ಅಂಟಿಸುವುದು, ದಾರ ಕಟ್ಟುವುದು, ಕಪ್ಪೆಯನ್ನು ಹಿಡಿದು ತಂದು ಎಲೆಯ ಮೇಲೆ ಕೂರಿಸುವುದು, ಚಗಳಿ ಇರುವೆಯ ಗೂಡು ಹರಿದು ಗಲಾಟೆ ಎಬ್ಬಿಸುವುದು, ಯಾವುದೂ ಬೇಡ. ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ. ಕೈಗೆ ಹಚ್ಚಿಕೊಂಡ ಸೊಳ್ಳೆ ಎಣ್ಣೆ ಅದರ ಮೈಗೆ ತಾಗಿದರೆ ಕಷ್ಟ. ಹಕ್ಕಿ ಗೂಡಿನ ಹತ್ತಿರ ಜೂಮ್ ಹಿಡಿದೂ ಹೋಗಬೇಡಿ. ಗೂಡಿಗೆ ಮರೆಯಾಗಿರುವ ಎಲೆಯನ್ನು ನೀವು ಸರಿಸಿ ಬಂದರೆ ಸಂಜೆ ಕಾಗೆಗೆ ದಾರಿ ಕಾಣುತ್ತದೆ. ಫೋಟೊ ಸಿಗದಿದ್ದರೆ ಬೇಡ, ಅದು ಅಲ್ಲೇ ಬದುಕಿರಲಿ. ಇದರಲ್ಲಿ ನನಗೆ ಎರಡನೇ ಮಾತು ಇಲ್ಲ.

ಸೆಕೆಂಡ್ ಹ್ಯಾಂಡ್ ತಗೋಬಹುದಾ?

ಮ್ಯಾಕ್ರೋ ಆದರೆ ಧೈರ್ಯವಾಗಿ ತಗೊಳ್ಳಿ. ಹತ್ತು ವರ್ಷ ಹಳೆಯದೂ ಇವತ್ತಿಗೆ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ. ಜೂಮಿನಲ್ಲಿ ಒಳಗೆ ಸರಿದಾಡುವ ಭಾಗಗಳು ಜಾಸ್ತಿ. ಸಡಿಲ ಆಗಿದೆಯಾ, ಕೆಳಮುಖ ಹಿಡಿದರೆ ತಾನಾಗಿ ಜಾರುತ್ತದಾ ನೋಡಿ.

ಎರಡಕ್ಕೂ ದೊಡ್ಡ ಶತ್ರು ಫಂಗಸ್. ನಾನೊಮ್ಮೆ ಫೋಟೊ ನೋಡಿ ಕೊರಿಯರಿನಲ್ಲಿ ತರಿಸಿದ ಲೆನ್ಸಿನೊಳಗೆ ಜೇಡರ ಬಲೆಯಂತೆ ಬೆಳೆದಿತ್ತು. ಮಾರಿದವರು ಮತ್ತೆ ಫೋನ್ ಎತ್ತಲಿಲ್ಲ. ಅಂದಿನಿಂದ ಕೈಯಲ್ಲಿ ಹಿಡಿಯದೆ ತಗೊಂಡಿಲ್ಲ. ಎರಡೂ ಮುಚ್ಚಳ ತೆಗೆದು, ಹಿಂದಿನಿಂದ ಟಾರ್ಚ್ ಬಿಟ್ಟು, ಮುಂದಿನಿಂದ ಓರೆಯಾಗಿ ನೋಡಿ. ನಾಲ್ಕು ಧೂಳಿನ ಕಣಕ್ಕೆ ಹೆದರಬೇಕಿಲ್ಲ. ಎಳೆ ಎಳೆಯಾಗಿ ಕವಲೊಡೆದದ್ದು ಕಂಡರೆ ವಾಪಸ್ ಕೊಡಿ.

ತಂದ ಮೇಲೆ ನಮ್ಮ ಕಡೆಯ ಮಳೆಯಿಂದ ಕಾಪಾಡುವುದು ನಿಮ್ಮ ಕೆಲಸ. ಬಟ್ಟೆಯ ಬ್ಯಾಗಿನಲ್ಲಿ, ಮರದ ಬೀರುವಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಡಬೇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್, ತೇವ ತೋರಿಸುವ ಸಣ್ಣ ಮೀಟರ್ ಇಷ್ಟು ಸಾಕು. ಮೀಟರ್ 40ರಿಂದ 50ರ ನಡುವೆ ಇರಲಿ. ಜೆಲ್ ಬಣ್ಣ ಬದಲಿಸಿದಾಗ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ ಮತ್ತೆ ಹಾಕಿ. ಆ ಬಾಣಲೆಯನ್ನು ಅಡುಗೆಗೆ ಬಳಸಬೇಡಿ. ತೋಟದಿಂದ ಬಂದ ಕೂಡಲೇ ಲೆನ್ಸನ್ನು ಡಬ್ಬಿಗೆ ಹಾಕದೆ, ಒಣ ಬಟ್ಟೆಯಲ್ಲಿ ಒರೆಸಿ ಫ್ಯಾನಿನ ಕೆಳಗೆ ಒಂದು ಗಂಟೆ ಇಡಿ. ಅಷ್ಟು ಹೊತ್ತಿಗೆ ನಿಮ್ಮ ಕಾಲಿನ ಇಂಬಳ ತೆಗೆದು ಮುಗಿದಿರುತ್ತದೆ.